ಗಾಜಿನ ಮೇಲಿನ ಕಾಲುವೆಗಳು

ಟ್ಯೂನಿಸ್
14 ಆಗಸ್ಟ್ 1998

ಅಕ್ಕ ಹನಿಯಾಗೆ ಸಾಲ್ಹಾಳ ಸಲಾಮು.

ನಿನಗೆ ಆರು ತಿಂಗಳು ತುಂಬಿತು ಎಂದು ಓದಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡೆ. ಭಾರ ಎತ್ತಬೇಡ. ತೋಟಕ್ಕೆ ಹೋಗುವುದು ಬೇಡ.

ನನ್ನ ಕೆಲಸ ಬದಲಾಗಿದೆ. ಈಗ ನಾನು ಆಸ್ಪತ್ರೆಯ ಕಸ ಗುಡಿಸುವುದಿಲ್ಲ. ಡಾಕ್ಟರ್ ಆಮ್ನಾ ಅವರ ಕೋಣೆಯಲ್ಲಿ ಕೂರಿಸಿದ್ದಾರೆ. ಆರನೇ ಕ್ಲಾಸು ಓದಿದವಳು ನಾನು, ಭಯವಾಗುತ್ತದೆ ಎಂದೆ. ಅದಕ್ಕೆ ಅವರು, 'ಮಾತಾಡೋರು ಲೆಕ್ಕ ತಪ್ತಾರೆ. ನೀನು ಮಾತೇ ಆಡಲ್ಲ, ಅದೇ ನಂಗೆ ಬೇಕಾಗಿರೋದು' ಅಂದರು.

ಗಂಟಲಲ್ಲಿ, ಬಾಯಲ್ಲಿ, ಮೂಗಿನ ಹಿಂದೆ ಗಡ್ಡೆ ಬಂದವರಿಂದ ಚೂರು ತೆಗೆದು ಕಳಿಸುತ್ತಾರೆ. ಅದನ್ನು ಈರುಳ್ಳಿಯ ಪೊರೆಗಿಂತ ತೆಳುವಾಗಿ ಸೀಳಿ ಗಾಜಿನ ಮೇಲೆ ಅಂಟಿಸಿರುತ್ತಾರೆ. ನಾನು ಗಾಜನ್ನು ಕುದಿಸಿ, ಒಂದು ದ್ರವದ ಹನಿ ಬಿಟ್ಟು, ತೊಳೆದು, ಇನ್ನೊಂದು ಹನಿ ಬಿಡುತ್ತೇನೆ. ಕೊನೆಗೆ ರಕ್ತನಾಳಗಳು ಮಾತ್ರ ಕಂದುಬಣ್ಣಕ್ಕೆ ತಿರುಗುತ್ತವೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಬೇಕು. ಮೊದಲು ಇಡೀ ಗಾಜನ್ನು ನೋಡಿ ನಾಳಗಳು ಎಲ್ಲಿ ಅತಿ ದಟ್ಟವಾಗಿವೆಯೋ ಆ ಜಾಗವನ್ನು ಹುಡುಕಬೇಕು. ಅಲ್ಲೇ ಎಣಿಸಬೇಕು. ತೆಳುವಾದ ಜಾಗದಲ್ಲಿ ಎಣಿಸುವಂತಿಲ್ಲ.

ಮೊದಲ ದಿನ ನೋಡಿದಾಗ ನನಗೆ ಅಪ್ಪನ ನೆನಪಾಯಿತು. ನಮ್ಮ ತೋಟದ ಕಾಲುವೆಗಳ ಹಾಗೆಯೇ ಇದೆ ಅಕ್ಕ. ದೊಡ್ಡದು, ಅದರಿಂದ ಸಣ್ಣದು, ಅದರಿಂದ ಇನ್ನೂ ಸಣ್ಣದು. ಆದರೆ ಅಲ್ಲಿ ಅಪ್ಪ ತಮ್ಮ ಗಾದೂಸ್ ತೂಗುಹಾಕಿ, ಆ ತಾಮ್ರದ ಚೊಂಬಿನ ತೂತಿನಿಂದ ನೀರು ಸೋರಿ ಮುಗಿಯುವವರೆಗೆ ಒಬ್ಬರ ಪಾಲು ಎಂದು ಅಳೆದು ಬಿಡುತ್ತಾರೆ. ಇಲ್ಲಿ ಅಳೆಯುವವರು ಯಾರೂ ಇಲ್ಲ. ಗಡ್ಡೆ ತಾನೇ ಕಾಲುವೆ ತೋಡಿಕೊಂಡು ಪಕ್ಕದವರ ನೀರನ್ನೆಲ್ಲ ಎಳೆದುಕೊಳ್ಳುತ್ತದೆ.

ಈ ಗಡ್ಡೆಗಳಲ್ಲಿ ಎರಡು ಬಗೆಯಂತೆ. ಕೆಲವು ಒಂದು ವೈರಸ್ಸಿನ ಜೊತೆ ಬರುತ್ತವೆ. ಕೆಲವು ಅದಿಲ್ಲದೆ ಹೊಗೆಸೊಪ್ಪು ಮುಂತಾದವುಗಳಿಂದ ಬರುತ್ತವೆ. ಎರಡರಲ್ಲೂ ನಾಳಗಳು ಒಂದೇ ರೀತಿ ಬೆಳೆಯುತ್ತವೆಯೇ ಎಂಬುದು ಡಾಕ್ಟರ ಪ್ರಶ್ನೆ. ಯಾವ ಗಾಜು ಯಾವ ಬಗೆಯದು ಎಂಬುದು ಬೇರೆ ಕಡೆಯಿಂದ ಮುಚ್ಚಿದ ಲಕೋಟೆಯಲ್ಲಿ ಬರುತ್ತದೆ. ಎಣಿಸುವವಳಿಗೆ ಅದು ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ಸುಳ್ಳು ಹೇಳುತ್ತದಂತೆ.

ಅಪ್ಪನಿಗೆ ನೆಫ್ಫಾ ಬಿಡಲು ಹೇಳು. ಆ ಹೊಗೆಸೊಪ್ಪಿನ ಪುಡಿಯನ್ನು ತುಟಿಯ ಹಿಂದೆ ತುರುಕಿಕೊಂಡವರ ಗಾಜುಗಳೂ ಇವುಗಳಲ್ಲಿ ಇವೆಯಂತೆ. ನಾನು ಬರೆದೆ ಅನ್ನಬೇಡ.

ನಿನ್ನ ತಂಗಿ
ಸಾಲ್ಹಾ


ನೆಫ್ತಾ
3 ಸೆಪ್ಟೆಂಬರ್ 1998

ಸಾಲ್ಹಾ,

ನೀನು ಬರೆದೆ ಅನ್ನಬೇಡ ಎಂದರೆ ಅಪ್ಪನಿಗೆ ಗೊತ್ತಾಗುವುದಿಲ್ಲವೇ? ಅಂಚೆ ಕಚೇರಿಯಿಂದ ನಿನ್ನ ಕಾಗದ ತಂದುಕೊಡುವವರೇ ಅವರು. ನಾನು ಓದಿ ಮಡಿಚಿದ ಮೇಲೆ ನೆಫ್ಫಾ ಬಿಡಿ ಎಂದರೆ ಯಾರ ಮಾತು ಎಂದು ತಿಳಿಯದೆ ಇರುತ್ತದೆಯೇ? 'ಅವಳು ಗಾಜು ನೋಡ್ಲಿ. ನನ್ನ ಡಬ್ಬಿ ಯಾಕ್ ನೋಡ್ತಾಳೆ?' ಅಂದರು. ಅಂದು, ಎದುರಿಗೇ ಒಂದು ಚಿಟಿಕೆ ಇಟ್ಟುಕೊಂಡರು.

ನಾನು ಅಮೋರ್‌ಗೆ, ಗಂಡ ಎಂದೂ ನೋಡದೆ, ಖಡಾಖಂಡಿತ ಹೇಳಿಬಿಟ್ಟಿದ್ದೇನೆ. ಈ ಸಲ ಮಗು ಹುಟ್ಟಿದ ಕೂಡಲೇ ಅದರ ಬಾಯಿಗೆ ಅಗಿದ ಖರ್ಜೂರ ಇಡುವವರು ನನ್ನ ಅಪ್ಪ. ನಿಮ್ಮ ಅಮ್ಮ ಅಲ್ಲ. ಮೊದಲನೆಯದಕ್ಕೆ ಅತ್ತೆ ಅಗಿದು ಅಂಗುಳಿಗೆ ಸವರಿದರು, ಕೂಸು ಒಂಬತ್ತೇ ದಿನ ಬದುಕಿತ್ತು. ಎರಡನೆಯದಕ್ಕೂ ಅವರೇ ಸವರಿದರು, ಮೂವತ್ತೊಂದು ದಿನ. ಅತ್ತೆಯ ಮೇಲೆ ನನಗೆ ಕೋಪವಿಲ್ಲ. ಆದರೆ ನಿನಗೂ ನನಗೂ ಈ ಓಣಿಯ ಅರ್ಧ ಮಕ್ಕಳಿಗೂ ಅಪ್ಪನೇ ಇಟ್ಟದ್ದು. ಅವರಲ್ಲಿ ಒಂದೂ ಹೋಗಿಲ್ಲ. ನಾನು ಎಣಿಸಿದ್ದೇನೆ. ನೀನೊಬ್ಬಳೇ ಎಣಿಸುವವಳಲ್ಲ.

ಅಪ್ಪ ಆಗಲೇ ಕಾಲುವೆ ಪಕ್ಕದ ಮರದಲ್ಲಿ ಒಂದು ಗೊನೆ ಆರಿಸಿ ಬಟ್ಟೆ ಸುತ್ತಿಸಿದ್ದಾರೆ. ಎದುರುಮನೆ ರಬೀಹಾ ಅಂತೂ, 'ಕೂಸು ಇನ್ನೂ ಹೊಟ್ಟೇಲಿದೆ, ಮುದುಕಪ್ಪ ಆಗ್ಲೇ ಬಾಯಿ ತೊಳ್ಕೊಂಡು ಕೂತವ್ರೆ' ಎಂದು ಊರೆಲ್ಲ ನಗಿಸುತ್ತಿದ್ದಾಳೆ.

ಅಪ್ಪನ ಗಂಟಲು ಸ್ವಲ್ಪ ಕಟ್ಟಿದೆ. ಧೂಳು, ಅಷ್ಟೆ.

ಹನಿಯಾ


ಟ್ಯೂನಿಸ್
11 ಅಕ್ಟೋಬರ್ 1998

ಅಕ್ಕ,

ಮೊದಲ ಇಪ್ಪತ್ತು ಲಕೋಟೆಗಳನ್ನು ಡಾಕ್ಟರು ಒಡೆದರು. ನಾನು ದಟ್ಟ ಎಂದು ಎಣಿಸಿದ ಗಾಜುಗಳಲ್ಲಿ ಹೆಚ್ಚಿನವು ವೈರಸ್ಸಿನ ಗುಂಪಿಗೇ ಬಂದವು. ಅವರು ಬಾದಾಮಿ ಸಿಹಿ ತರಿಸಿ ನನ್ನ ಕೈಗೂ ಎರಡು ಇಟ್ಟರು. ಒಳಗೊಳಗೇ ಹೆಮ್ಮೆಯಾಯಿತು. ಈಗ ಲಕೋಟೆ ಬೇಡ, ನೋಡಿದ ಕೂಡಲೇ ಇದು ಇಂಥದ್ದು ಎಂದು ನನಗೆ ಗೊತ್ತಾಗುತ್ತದೆ.

ಅಪ್ಪನ ಗಂಟಲು ಸರಿಯಾಯಿತೇ? ಒಂದೂವರೆ ತಿಂಗಳು ಧೂಳು ನಿಲ್ಲುವುದಿಲ್ಲ ಅಕ್ಕ. ತೋಝರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದಿರಾ? ಕುತ್ತಿಗೆಯಲ್ಲಿ ಗಂಟು ಏನಾದರೂ ಇದೆಯೇ, ಕೈಯಿಟ್ಟು ನೋಡು.

ಸಾಲ್ಹಾ


ನೆಫ್ತಾ
24 ಅಕ್ಟೋಬರ್ 1998

ಸಾಲ್ಹಾ,

ಯಾವ ಡಾಕ್ಟರೂ ಇಲ್ಲ, ಯಾವ ಗಂಟೂ ಇಲ್ಲ. ನೀನು ದಿನವೆಲ್ಲ ಕಾಯಿಲೆಯ ಚೂರುಗಳ ನಡುವೆ ಕೂತು ಎಲ್ಲರ ಕುತ್ತಿಗೆಯಲ್ಲೂ ಗಂಟು ಕಾಣುತ್ತೀಯ. ಖರ್ಜೂರದ ಕೊಯ್ಲು ಶುರುವಾಗಿದೆ. ಅಪ್ಪ ಮರದ ಕೆಳಗೆ ನಿಂತು ಹತ್ತಿದವರನ್ನು ಬೈಯುತ್ತಿದ್ದಾರೆ. ದನಿ ಕೇಳದೆ ಅವರು ಮೇಲಿಂದ 'ಏನಂದ್ರಿ ಯಜಮಾನ್ರೇ?' ಎಂದು ಮತ್ತೆ ಮತ್ತೆ ಕೇಳಿ ಆಟವಾಡಿಸುತ್ತಾರೆ. ಬಟ್ಟೆ ಸುತ್ತಿದ ಗೊನೆಯನ್ನು ಅವರೇ ಇಳಿಸಿ ತಂದು ನನ್ನ ಕೋಣೆಯಲ್ಲಿ ತೂಗುಹಾಕಿದ್ದಾರೆ. ಅದನ್ನು ನೋಡುತ್ತಾ ಮಲಗುತ್ತೇನೆ.

ಇನ್ನು ಮೂರೇ ವಾರ. ಹೆದರಿಕೆಯ ಮಾತು ಬರೆಯಬೇಡ.

ಹನಿಯಾ


ಟ್ಯೂನಿಸ್
8 ನವೆಂಬರ್ 1998

ಅಕ್ಕ, ಈ ಕಾಗದವನ್ನು ನೀನೊಬ್ಬಳೇ ಓದು. ಅಪ್ಪನ ಎದುರು ಬಿಚ್ಚಬೇಡ.

ನೀನು ಸುಳ್ಳು ಬರೆದೆ. ಅಪ್ಪ ಡಾಕ್ಟರ ಹತ್ತಿರ ಹೋಗಿದ್ದರು. ಅವರ ಗಂಟಲಿನ ಚೂರು ಈಗ ನನ್ನ ಮೇಜಿನ ಮೇಲಿದೆ.

ದಕ್ಷಿಣದಿಂದ ಬಂದ ಪೊಟ್ಟಣವನ್ನು ಬಿಚ್ಚುವವಳು ನಾನು. ಗಾಜಿನ ಜೊತೆಗಿರುವ ಚೀಟಿಯನ್ನು ಓದಬಾರದು, ಮಡಿಚಿ ಡಾಕ್ಟರಿಗೆ ಕೊಡಬೇಕು. ಮಡಿಚುವಾಗ ಕಣ್ಣಿಗೆ ಬಿತ್ತು. ನೆಫ್ತಾ. ಗಂಡಸು, ಅರವತ್ತೇಳು ವರ್ಷ. ಕಸುಬು: ನೀರು ಹಂಚುವುದು. ನೆಫ್ತಾದಲ್ಲಿ ಇನ್ನೂ ಗಾದೂಸ್ ತೂಗುಹಾಕುವವರು ಬೇರೆ ಯಾರಿದ್ದಾರೆ?

ಅದನ್ನು ಬೇರೆಯವರಿಗೆ ಕೊಡಬಹುದಿತ್ತು. ಕೊಡಲು ಕಾರಣ ಹೇಳಬೇಕಾಗುತ್ತಿತ್ತು, ನನಗೆ ಬಾಯಿ ಬರಲಿಲ್ಲ. ನಾನೇ ಕುದಿಸಿದೆ, ನಾನೇ ಹನಿ ಬಿಟ್ಟೆ. ದಟ್ಟವಾದ ಜಾಗ ಹುಡುಕಲು ಹೋದರೆ ಗಾಜೆಲ್ಲ ದಟ್ಟ. ಎಲ್ಲಿ ನೋಡಿದರೂ ಕಂದು ಕಾಲುವೆ. ಎಣಿಸುವ ಯಂತ್ರದ ಮೇಲೆ ಹೆಬ್ಬೆರಳು ಇಟ್ಟವಳು ಅಪ್ಪನ ಒಳಗನ್ನು ಎಣಿಸಿದೆ. ಇಷ್ಟು ದಟ್ಟವಾದದ್ದನ್ನು ನಾನು ನೋಡಿಲ್ಲ. ಇದು ವೈರಸ್ಸಿನದೇ. ಲಕೋಟೆ ಬರಲು ತಿಂಗಳುಗಳಾಗುತ್ತವೆ, ಆದರೆ ನನಗೆ ಗೊತ್ತು.

ಆ ವೈರಸ್ ಎಂಜಲಿನಲ್ಲಿ ಹರಡುತ್ತದೆ ಎಂದು ಡಾಕ್ಟರು ಒಬ್ಬ ವಿದ್ಯಾರ್ಥಿಗೆ ಹೇಳುತ್ತಿದ್ದರು. ಮೇಜು ಒರೆಸುತ್ತಾ ಕೇಳಿಸಿಕೊಂಡೆ.

ಆದ್ದರಿಂದ, ಅಕ್ಕ, ಮಗುವಿನ ಬಾಯಿಗೆ ಅಪ್ಪನ ಬಾಯಿಯ ಖರ್ಜೂರ ಬೇಡ. ಮುತ್ತೂ ಬೇಡ. ನೀನು ಎರಡನ್ನು ಕಳೆದುಕೊಂಡಿದ್ದೀಯ. ಅಪ್ಪನಿಗೆ ಏನಾದರೂ ನೆಪ ಹೇಳು, ಹಲ್ಲು ಸರಿಯಿಲ್ಲ ಅನ್ನು. ನಿಜ ಮಾತ್ರ ಹೇಳಬೇಡ. ಅವರು ಆ ಗೊನೆಯನ್ನು ಇಳಿಸಿ ತಂದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ.

ಓದಿ ಇದನ್ನು ಒಲೆಗೆ ಹಾಕು.

ಸಾಲ್ಹಾ


ನೆಫ್ತಾ
2 ಡಿಸೆಂಬರ್ 1998

ಸಾಲ್ಹಾ, ನನ್ನ ತಂಗಿ,

ಹೆಣ್ಣು. ನವೆಂಬರ್ ಹದಿನೇಳು, ಮಧ್ಯಾಹ್ನ. ಹೆಸರು ಜೀನಾ. ಹದಿನೈದು ದಿನ ದಾಟಿದೆ. ಗಟ್ಟಿಯಾಗಿ ಅಳುತ್ತಾಳೆ, ಗಟ್ಟಿಯಾಗಿ ಕುಡಿಯುತ್ತಾಳೆ.

ನಿನ್ನ ಕಾಗದ ಅದೇ ದಿನ ಬಂತು. ಹೆರಿಗೆಯಾಗಿ ಒಂದು ಗಂಟೆ ಆಗಿರಬೇಕು. ನನಗೆ ಕಣ್ಣು ಬಿಡಲು ಶಕ್ತಿಯಿರಲಿಲ್ಲ. 'ಅಪ್ಪಾ, ನೀವೇ ಓದಿ' ಎಂದೆ. ಅವರು ಲಕೋಟೆ ಹರಿದು ಮೊದಲ ಸಾಲಿಗೇ ನಿಂತರು. ಕನ್ನಡಕ ತೆಗೆದು ಒರೆಸಿದರು. ಹಾಕಿಕೊಂಡು ಉಳಿದದ್ದನ್ನು ಮನಸ್ಸಿನಲ್ಲೇ ಓದಿದರು. ರಬೀಹಾ ಅಲ್ಲೇ ಇದ್ದವಳು, 'ಏನ್ ಮಾವಾ, ಅಕ್ಷರ ಮರ್ತೋಯ್ತಾ?' ಅಂದಳು. ಆಮೇಲೆ ಆ ಒಡಕು ದನಿಯಲ್ಲೇ ಜೋರಾಗಿ ಓದಿದರು.

ಎಷ್ಟು ಚೆನ್ನಾಗಿ ಬರೆದಿದ್ದೆ ಸಾಲ್ಹಾ. ನೀನು ಇಷ್ಟು ಬರೆಯಬಲ್ಲೆ ಎಂದು ನನಗೆ ತಿಳಿದಿರಲಿಲ್ಲ. ಈಗ ನಿಮ್ಮ ದೊಡ್ಡ ಡಾಕ್ಟರುಗಳು ಖರ್ಜೂರವನ್ನು ಹೆತ್ತವಳೇ ಅಗಿದು ಇಡಬೇಕು ಅನ್ನುತ್ತಾರಂತೆ, ಅಲ್ಲವೇ. 'ಎರಡು ಮಕ್ಕಳನ್ನು ಮಣ್ಣಿಗಿಟ್ಟವಳ ಬಾಯಿ ನಿನ್ನದು, ಮೂರನೆಯದನ್ನು ಬದುಕು ಎಂದು ಕರೆಯುವ ಹಕ್ಕು ನಿನಗಿಂತ ಯಾರಿಗಿದೆ' ಎಂದು ಬರೆದೆಯಲ್ಲ, ಅದನ್ನು ಎರಡು ಸಲ ಓದಿಸಿದೆ. ಎರಡನೇ ಸಲ ಅಪ್ಪ ಎರಡು ಮಾತು ಆಚೀಚೆ ಮಾಡಿದರು. ಕಣ್ಣು ಮಂಜಾಗಿತ್ತೇನೋ.

ನನಗೆ ಮೊದಲು ಕೋಪ ಬಂತು. ಅಪ್ಪನೇ ಇಡಬೇಕು ಎಂದು ಹಟ ಹಿಡಿದೆ. ಅವರು ಬಟ್ಟೆಯಿಂದ ಹಿಡಿದು ಒಂದು ಹಣ್ಣು ಕಿತ್ತು, ಕೈ ತಾಗಿಸದೆ ನನ್ನ ಅಂಗೈಗೆ ಹಾಕಿ, 'ತಂಗಿ ಓದ್ದೋಳು. ಅವಳ ಮಾತು ಕೇಳು ಮಗಳೇ' ಅಂದರು. ನಾನೇ ಅಗಿದು ಇಟ್ಟೆ. ಜೀನಾ ತುಟಿ ಚಪ್ಪರಿಸಿದಳು.

ಆದರೆ ಅವತ್ತಿನಿಂದ ಅಪ್ಪ ಬಾಗಿಲ ಹೊರಗೇ ಕೂರುತ್ತಾರೆ. ಮಗುವನ್ನು ಎತ್ತಿಕೊಳ್ಳುವುದಿಲ್ಲ. ತಮ್ಮ ಬಟ್ಟಲನ್ನು ಬೇರೆ ಇಟ್ಟುಕೊಂಡಿದ್ದಾರೆ. ನೆಫ್ಫಾ ಡಬ್ಬಿ ಕಾಣುತ್ತಿಲ್ಲ. ಮೂರನೆಯದನ್ನೂ ಹಚ್ಚಿಕೊಂಡು ಕಳೆದುಕೊಂಡರೆ ಎಂದು ಹೆದರಿದ್ದಾರೆ, ಪಾಪ.

ನಿನ್ನ ಕಾಗದವನ್ನು ಇಟ್ಟುಕೊಳ್ಳಬೇಕೆಂದು ಕೇಳಿದೆ. ಕಾಲುವೆಗೆ ಬಿದ್ದು ತೇಲಿಹೋಯಿತು ಅಂದರು.

ಹನಿಯಾ


ಟ್ಯೂನಿಸ್
15 ಡಿಸೆಂಬರ್ 1998

ಅಕ್ಕ,

ಜೀನಾಗೆ ನೂರು ವರ್ಷ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಅಷ್ಟು ಚೆನ್ನಾಗಿ ಬರೆದ ನೆನಪು ನನಗಿಲ್ಲ. ಆದರೆ ಅಪ್ಪ ಓದಿದ್ದೇ ಅದರಲ್ಲಿ ಇದ್ದದ್ದು. ಅದೇ ನಾನು ಬರೆದದ್ದು ಎಂದುಕೊ.

ಅಪ್ಪನನ್ನು ಇಲ್ಲಿಗೆ ಕಳಿಸು. ಇಲ್ಲಿ ಕಿರಣದ ಚಿಕಿತ್ಸೆ ಇದೆ. ನಾನೇ ಬಂದು ಕರೆತರಬೇಕು ಎಂದು ಮೂರು ದಿನ ರಜೆ ತೆಗೆದುಕೊಂಡೆ. ಬಸ್ ನಿಲ್ದಾಣಕ್ಕೂ ಹೋದೆ. ನೆಫ್ತಾ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಾಗ, ಬಾಗಿಲ ಹೊರಗೆ ಕೂತ ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ ಹಾಗಾಯಿತು. ಇಳಿದುಬಿಟ್ಟೆ. ಬಸ್ಸು ಹೋಗುವವರೆಗೂ ಅಲ್ಲೇ ನಿಂತಿದ್ದೆ.

ಈಗ ಯಾರ ಗಾಜು ಇಟ್ಟರೂ ಮೊದಲು ಅಪ್ಪನ ಆ ನೋಟವೇ ಕಾಣುತ್ತದೆ. ನಲ್ಲಿಯಿಂದ ನೀರು ತೊಟ್ಟಿಕ್ಕಿದರೂ ಯಾರದೋ ಪಾಲು ಮುಗಿಯುತ್ತಿದೆ ಅನ್ನಿಸುತ್ತದೆ.

ಅಪ್ಪ ನನ್ನ ಬಗ್ಗೆ ಏನಾದರೂ ಅಂದರೇ?

ಸಾಲ್ಹಾ


ಟ್ಯೂನಿಸ್
20 ಫೆಬ್ರವರಿ 1999

ಅಪ್ಪನವರಿಗೆ,

ಅಕ್ಕ ಎರಡು ತಿಂಗಳಿಂದ ಕಾಗದ ಬರೆದಿಲ್ಲ. ಅದಕ್ಕೆ ನಿಮಗೇ ಬರೆಯುತ್ತಿದ್ದೇನೆ. ನಿಮ್ಮ ಹೆಸರಿಗೆ ನಾನು ಬರೆಯುವ ಮೊದಲ ಕಾಗದ ಇದು.

ಅವತ್ತು ನೀವು ಅಕ್ಕನಿಗೆ ಓದಿ ಹೇಳಿದ ಕಾಗದ ನನ್ನದಲ್ಲ, ನಿಮ್ಮದು. ನನ್ನ ಕಾಗದವನ್ನು ನೀವು ಮನಸ್ಸಿನಲ್ಲಿ ಓದಿಕೊಂಡಿರಿ. ನಿಮಗೆ ಕಾಯಿಲೆ ಏನು ಎಂದು ಯಾವ ಡಾಕ್ಟರೂ ಹೇಳುವ ಮೊದಲೇ ನಿಮ್ಮ ಮಗಳ ಅಕ್ಷರದಲ್ಲಿ ತಿಳಿದುಕೊಂಡಿರಿ. ಆಮೇಲೂ ನನ್ನನ್ನು ಒಳ್ಳೆಯವಳನ್ನಾಗಿ ಮಾಡಿ ಓದಿದಿರಿ.

ಈ ವಾರ ಲಕೋಟೆಗಳು ಬಂದವು. ನಿಮ್ಮ ಗಾಜಿನ ನಂಬರ್ ನಲವತ್ತಮೂರು. ಅದರಲ್ಲಿ ಆ ವೈರಸ್ ಇಲ್ಲ, ಅಪ್ಪ. ನಿಮ್ಮದು ಇನ್ನೊಂದು ಗುಂಪು.

ನಂಬರನ್ನು ಮೂರು ಸಲ ತಾಳೆ ನೋಡಿದೆ. ಡಾಕ್ಟರು ಕೇಳಿದಾಗ ಎಲ್ಲವನ್ನೂ ಹೇಳಿದೆ. ಚೀಟಿ ಓದಿದ್ದು, ಕಾಗದ ಬರೆದದ್ದು, ಎಲ್ಲ. ಅವರು ಲಕೋಟೆಯನ್ನು ಕೆಳಗಿಟ್ಟರು. ಆಮೇಲೆ, 'ದಟ್ಟ ಇದ್ದದ್ದೆಲ್ಲ ವೈರಸ್ಸು ಅಂತ ಯಾರಂದ್ರು ನಿಂಗೆ? ಅದು ಗೊತ್ತಿದ್ದಿದ್ರೆ ಕೂತು ಯಾಕೆ ಎಣಿಸ್ತಿದ್ವಿ?' ಅಂದರು. ಮೊದಲ ಇಪ್ಪತ್ತರಲ್ಲಿ ಕಂಡ ವ್ಯತ್ಯಾಸ ಅರವತ್ತು ಆಗುವಷ್ಟರಲ್ಲಿ ಕರಗಿಹೋಗಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. ಎಣಿಸುವವಳಿಗೆ ಹೇಳಬಾರದಲ್ಲ.

ಇನ್ನೊಂದು ಮಾತು ಅಂದರು. 'ಆ ವೈರಸ್ಸು ಹೆಚ್ಚುಕಮ್ಮಿ ಎಲ್ರ ಬಾಯಲ್ಲೂ ಇರುತ್ತೆ ಕಣೇ. ನನ್ನ ಬಾಯಲ್ಲೂ ಇದೆ, ನಿನ್ನ ಬಾಯಲ್ಲೂ ಇದೆ. ಗಡ್ಡೆ ಆಗೋದು ಎಲ್ಲೋ ಒಬ್ರಿಗೆ. ಅದಕ್ಕೆ ಒಬ್ಬ ಮುದುಕನ್ನ ಮೊಮ್ಮಗಳಿಂದ ದೂರ ಇಟ್ಯಾ?'

ಅದಿದ್ದರೂ ನೀವು ಹೆದರಬೇಕಾಗಿರಲಿಲ್ಲ. ನಿಮ್ಮ ಗಡ್ಡೆಯಲ್ಲಿ ಅದೂ ಇಲ್ಲ.

ಅಪ್ಪ, ಆ ಗೊನೆಯಲ್ಲಿ ಹಣ್ಣು ಉಳಿದಿದ್ದರೆ ಒಂದನ್ನು ಅಗಿದು ಜೀನಾಳ ಬಾಯಿಗೆ ಇಡಿ. ಮೂರು ತಿಂಗಳಾದ ಮೇಲೆ ಯಾರು ಇಡುತ್ತಾರೆ ಎಂದು ರಬೀಹಾ ನಕ್ಕರೆ ನಗಲಿ. ಅಕ್ಕ ಕೇಳಿದರೆ ಈ ಕಾಗದ ತೋರಿಸಿ.

ನಾನು ಹಬ್ಬಕ್ಕೆ ಬರುತ್ತೇನೆ. ಈ ಸಲ ಬಸ್ಸಿನಿಂದ ಇಳಿಯುವುದಿಲ್ಲ.

ನಿಮ್ಮ ಮಗಳು
ಸಾಲ್ಹಾ


ನೆಫ್ತಾ
16 ಮಾರ್ಚ್ 1999

ಸಾಲ್ಹಾ,

ಅಪ್ಪ ಹೋಗಿ ಏಳು ದಿನವಾಯಿತು. ನಿನಗೆ ಫೋನ್ ಮಾಡುತ್ತೇನೆ ಎಂದು ಅಮೋರ್ ಹೊರಟಾಗ ನಾನೇ ತಡೆದೆ. ಏಕೆ ಎಂದು ಓದಿದರೆ ತಿಳಿಯುತ್ತದೆ.

ಸೆಪ್ಟೆಂಬರಿನಲ್ಲಿ ಅಪ್ಪ ತೋಝರಿಗೆ ಹೋಗಿದ್ದು ನಿಜ. ನಿನಗೆ ಬರೆಯಬಾರದು ಎಂದು ನನ್ನ ಹೊಟ್ಟೆಯ ಮೇಲೆ ಆಣೆ ಹಾಕಿಸಿಕೊಂಡಿದ್ದರು. ಆ ಹೊಟ್ಟೆಯ ಮೇಲಿನ ಆಣೆಯನ್ನು ನಾನು ಹೇಗೆ ಮುರಿಯಲಿ?

ಜನವರಿಯಲ್ಲಿ ಅಪ್ಪ ಗಾದೂಸ್ ತೂಗುಹಾಕುವುದನ್ನು ಬಿಟ್ಟು ಮನೆಗೆ ತಂದಿಟ್ಟರು. ತಾಮ್ರ ಕಪ್ಪಾಗಿದೆ, ಉಜ್ಜೋಣ ಎಂದು ತೆಗೆದರೆ ಒಳಗೆ ನಿನ್ನ ಕಾಗದವಿತ್ತು. ಕಾಲುವೆಗೆ ಬಿದ್ದದ್ದು. ನಿಂತಲ್ಲೇ ಓದಿದೆ. ಅವರು ಓದಿ ಹೇಳಿದ ಒಂದು ಸಾಲೂ ಅದರಲ್ಲಿರಲಿಲ್ಲ.

ನಾನು ಅವರನ್ನು ಕೇಳಲಿಲ್ಲ. ಅವರು ಹೇಳಲಿಲ್ಲ. ಕಾಗದವನ್ನು ಇದ್ದಲ್ಲೇ ಇಟ್ಟೆ. ಆದರೆ ಅವತ್ತಿನಿಂದ ಅವರ ಬಟ್ಟಲನ್ನು ಬೇರೆ ಕುದಿಸತೊಡಗಿದೆ. ಒಂದು ದಿನ ಅದನ್ನು ನೋಡಿದರು. ಮರುದಿನದಿಂದ ತಾವೇ ತೊಳೆದುಕೊಂಡರು. ಟ್ಯೂನಿಸ್‌ಗೆ ಹೋಗಿ ಎಂದರೆ ಕೈಯಾಡಿಸಿ ಬೇಡ ಅನ್ನುತ್ತಿದ್ದರು. ಅಷ್ಟು ಹೊತ್ತಿಗೆ ದನಿ ಪೂರ್ತಿ ಹೋಗಿತ್ತು. ನಿನಗೆ ನಾನು ಏನು ಬರೆಯಲಿ? ಅಪ್ಪನ ಬಾಯಿಯನ್ನು ಮಗುವಿನಿಂದ ದೂರವಿಡಲು ಬರೆದ ಕಾಗದ ಅಪ್ಪನ ಕೈಗೇ ಹೋಗಿತ್ತು, ಓದಿ ಎಂದು ಕೊಟ್ಟವಳು ನಾನು.

ಮಾರ್ಚ್ ಎಂಟು, ಮಧ್ಯಾಹ್ನ. ಅಪ್ಪ ಅಂಚೆ ಕಚೇರಿಗೆ ಹೋಗಿ ಬಂದರು. ನಾನು ಕಾಗದ ಇದೆಯೇ ಎಂದು ಕೇಳಲಿಲ್ಲ. ಅಂಗಳದ ನಲ್ಲಿಯಲ್ಲಿ ಬಾಯಿ ಮುಕ್ಕಳಿಸಿದರು. ಒಂದು ಸಲವಲ್ಲ, ಮೂರು ಸಲ. ನಾಲ್ಕು ತಿಂಗಳಿಂದ ನನ್ನ ಕೋಣೆಯ ಹೊಸ್ತಿಲು ದಾಟದವರು ಒಳಗೆ ಬಂದು ಗೊನೆಯಿಂದ ಒಂದು ಖರ್ಜೂರ ಕಿತ್ತು ಬಾಯಿಗೆ ಹಾಕಿಕೊಂಡರು. ದವಡೆ ತೆರೆಯುತ್ತಿರಲಿಲ್ಲ. ಎಷ್ಟು ಹೊತ್ತು ಅಗಿದರೋ. ಗಂಜಿ ಮಾತ್ರ ಕುಡಿಯುವವರು ಇವತ್ತು ಹಣ್ಣು ತಿನ್ನುತ್ತಿದ್ದಾರೆ ಎಂದು ನನಗೆ ಖುಷಿಯಾಯಿತು.

ಆಮೇಲೆ ಅದನ್ನು ಬೆರಳ ತುದಿಗೆ ತೆಗೆದುಕೊಂಡು ತೊಟ್ಟಿಲ ಹತ್ತಿರ ಬಂದರು. ನನ್ನ ಮುಖ ನೋಡಿ ನಕ್ಕರು.

ನಾನು ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಸರಿದೆ. 'ಬೇಡ ಅಪ್ಪ. ಸಾಲ್ಹಾ ಬೇಡ ಅಂದವ್ಳೆ' ಎಂದೆ.

ಅವರು ಎಡಗೈಯಿಂದ ಎದೆಯನ್ನು ತಟ್ಟಿ ತೋರಿಸಿದರು. ಮತ್ತೆ ತಟ್ಟಿದರು. ಎದೆ ನೋಯುತ್ತದೆ ಅನ್ನುತ್ತಿದ್ದಾರೆ ಎಂದುಕೊಂಡೆ. 'ನಂಗೂ ನೋವೇ ಅಪ್ಪ' ಎಂದು ಒಳಕೋಣೆಗೆ ಹೋಗಿ ಅಗುಳಿ ಹಾಕಿಕೊಂಡೆ. ಬಾಗಿಲಾಚೆ ಅವರು ನಿಂತಿರುವುದು ಕೇಳುತ್ತಿತ್ತು. ಉಸಿರು ಮಾತ್ರ. ತಟ್ಟಲಿಲ್ಲ. ಆಮೇಲೆ ಅದೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಗಂಟಲೊಳಗೆ ಯಾವುದೋ ನಾಳ ಒಡೆಯಿತು. ಕಾಲುವೆಯ ಮಡೆ ಕಿತ್ತುಹೋದ ಹಾಗೆ ರಕ್ತ ಬಂತು, ಸಾಲ್ಹಾ. ಪಾತ್ರೆ ತುಂಬಿತು, ಇನ್ನೊಂದು ತಂದೆ. ಅಮೋರ್ ಕಾರು ತರುವಷ್ಟರಲ್ಲಿ ಮುಗಿದಿತ್ತು. ಜೀವನವೆಲ್ಲ ಅಳೆದು ಅಳೆದು ನೀರು ಬಿಟ್ಟ ಮನುಷ್ಯ.

ಮೈ ತೊಳೆಯುವಾಗ ತೆಗೆದ ಅಂಗಿಯನ್ನು ಅಮೋರ್ ತಂದುಕೊಟ್ಟರು. ಎದೆಯ ಜೇಬಿನಲ್ಲಿ ನೀನು ಅವರ ಹೆಸರಿಗೆ ಬರೆದ ಕಾಗದವಿತ್ತು. 'ಅಕ್ಕ ಕೇಳಿದರೆ ಈ ಕಾಗದ ತೋರಿಸಿ.' ನಾನು ಕೇಳಲಿಲ್ಲ. ಅವರು ತೋರಿಸಿದ್ದರು.

ಈಗ ಬಾಗಿಲ ಹೊರಗೆ ಯಾರೂ ಕೂರುವುದಿಲ್ಲ. ಆದರೂ ಅಗುಳಿ ಹಾಕಲು ನನಗೆ ಆಗುತ್ತಿಲ್ಲ. ಹಾಕಿದರೆ ಆಚೆ ಉಸಿರು ಕೇಳುತ್ತದೆ. ಬಾಗಿಲು ತೆರೆದಿಟ್ಟೇ ಮಲಗುತ್ತೇವೆ.

ಜೀನಾ ಚೆನ್ನಾಗಿದ್ದಾಳೆ. ಕತ್ತು ನಿಂತಿದೆ. ಮೂರನೆಯದು ಬದುಕಿತು.

ನಿನ್ನೆ ಗಾದೂಸ್ ಒಳಗೆ ಮತ್ತೆ ನೋಡಿದೆ. ನಿನ್ನ ನವೆಂಬರಿನ ಆ ಕಾಗದದ ಮೇಲೆ, ಖರ್ಜೂರದ ನಾರಿನಲ್ಲಿ ಸುತ್ತಿ, ಆ ಅಗಿದ ಚೂರನ್ನು ಇಟ್ಟಿದ್ದಾರೆ. ಒಣಗಿದೆ. ಇರುವೆ ಮುಟ್ಟಿಲ್ಲ. ನೀರಲ್ಲಿ ನೆನೆಸಿದರೆ ಮೆತ್ತಗಾದೀತು. ಬೆರಳಿನ ಗುರುತು ಅದರ ಮೇಲೆ ಇನ್ನೂ ಇದೆ.

ಅದನ್ನು ಅವಳ ಬಾಯಿಗೆ ಇಡಲೇ? ಅಥವಾ ಅಪ್ಪನ ಮಣ್ಣಿನಲ್ಲಿ ಹೂಳಲೇ? ಗಾಜು ನೋಡುವವಳು ನೀನು. ನಿನಗೆ ಗೊತ್ತಿರುವುದನ್ನು ಬರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆ.

ಅಂಚೆ ಕಚೇರಿಗೆ ಈಗ ನಾನೇ ಹೋಗುತ್ತೇನೆ. ಈ ಸಲ ನಾನೇ ಓದುತ್ತೇನೆ.

ಹನಿಯಾ